ಪಾಲಯ್ಯ ತಂದ ಕಲ್ಲು

ಬಳ್ಳಾರಿ, ೨೨-೮-೧೯೫೦, ಮಂಗಳವಾರ

ಪಾಲಯ್ಯನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಯುರೇನಿಯಂ ಇರಬಹುದಾದ ಕಲ್ಲು ಯಾವ ಊರಲ್ಲಿದೆ ಎಂದು ಸರ್ಕಾರ ನಮ್ಮ ತಾಲ್ಲೂಕು ಕಚೇರಿಯನ್ನು ಕೇಳಿತ್ತು. ಡಂಗುರ ಹೊಡೆಸಿ, ಜನ ತಂದದ್ದನ್ನು ಪರೀಕ್ಷೆಗೆ ಕಳಿಸಬೇಕಿತ್ತು. ಡಂಗುರವೇನೋ ಹೊಡೆಸಿದೆ. ಯಾರೂ ಬರುವ ಮೊದಲೇ ಎಲ್ಲ ಊರುಗಳ ಮುಂದೆ 'ಇಲ್ಲ' ಎಂದು ಬರೆದು ಪಟ್ಟಿ ಕಳಿಸಿಬಿಟ್ಟೆ. ಬೇರೆ ಪಟ್ಟಿಗಳಿಗೂ ನಾನು ಮಾಡುವುದು ಅದನ್ನೇ.

ಇಂದು ಕಲ್ಲು ಒಡೆಯುವ ಪಾಲಯ್ಯ ಕುರುಗೋಡಿನಿಂದ ನಡೆದೇ ಕಚೇರಿಗೆ ಬಂದ. ಟವಲಿನ ಗಂಟಿನಲ್ಲಿ ಒಂದು ಕರಿ ಕಲ್ಲು.

"ಡಂಗುರ ಕೇಳಿದ್ನಿರೀ. ನಮ್ಮ ಗುಡ್ಡದಾಗ ಸಿಕ್ತು. ಭಾಳ ತೂಕ ಐತಿ, ನೋಡ್ರಿ."

ಪಟ್ಟಿ ಆಗಲೇ ಹೋಗಿಯಾಗಿದೆ ಎಂಬುದನ್ನು ಮುಚ್ಚಿಟ್ಟೆ. ಕಲ್ಲನ್ನು ಎಲ್ಲ ಬಲ್ಲವನಂತೆ ತಿರುಗಿಸಿ ನೋಡಿ, "ಇದು ಬರೇ ಕಲ್ಲು, ಪಾಲಯ್ಯ" ಎಂದೆ. ನನಗೇನು ಗೊತ್ತು, ಮಣ್ಣು! ಅದರಲ್ಲಿ ಯುರೇನಿಯಂ ಇದ್ದರೂ ಇರಬಹುದು.

ಅವನೇ ಕೈಮುಗಿದ. "ತಪ್ಪಾತ್ರಿ ಸಾಮಿ, ನಿಮ್ಮ ಹೊತ್ತು ಹಾಳು ಮಾಡಿದೆ."

ಕಲ್ಲನ್ನು ಮೇಜಿನ ಮೇಲೇ ಬಿಟ್ಟು ಹೋದ. ಸಂಜೆ ಗಾಳಿಗೆ ಪಟ್ಟಿಯ ನಕಲು ಹಾರತೊಡಗಿತು. ಅಷ್ಟೂ 'ಇಲ್ಲ'ಗಳ ಮೇಲೆ ಆ ಕಲ್ಲನ್ನೇ ಹೇರಿಟ್ಟು ಮನೆಗೆ ಬಂದೆ.