ಹೆಬ್ಬಾತಿನ ಜೊತೆಗೊಂದು ಲೋಟ

ಹೋಲರ್‌ಬ್ರುನ್
ಭಾನುವಾರ, 14 ನವೆಂಬರ್ 2010

ಪ್ರೀತಿಯ ಹೈಮೊ,

ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಬರೆದು ಲಕೋಟೆ ಅಂಟಿಸಿಬಿಡೋಣ ಎಂದುಕೊಂಡಿದ್ದೆ. ಬಿಡಲಾಗಲಿಲ್ಲ. ಆದರೆ ಅಲ್ಲಿಗೆ ಬರಲು ನನಗೆ ಸ್ವಲ್ಪ ಹೊತ್ತು ಬೇಕು.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ಊರಿಗೆಲ್ಲ ಹೆಬ್ಬಾತು ಬೇಯಿಸುವ ಮಾರ್ಟಿನ್ ಹಬ್ಬದ ವಾರ ನಮ್ಮ ಖಾನಾವಳಿಯ ಅಡುಗೆಮನೆ ಹೇಗಿರುತ್ತದೆಂದು ನಿನಗೆ ಗೊತ್ತು. ಎಷ್ಟು ಸೋಪು ಹಾಕಿದರೂ ಬಾತಿನ ಕೊಬ್ಬು ಕೈಯಿಂದ ಹೋಗಿಲ್ಲ. ಕುಡಿತ ಬಿಡಿಸುವ ಆಸ್ಪತ್ರೆಗೆ ಸೇರಿದ ಮೇಲೆ ನಿನ್ನ ಕೈ ನಡುಗುವುದು ನಿಂತಿದೆ ಎಂದು ಓದಿ ಸಮಾಧಾನವಾಯಿತು. ಅಕ್ಷರದಲ್ಲೇ ಅದು ಕಾಣುತ್ತದೆ. ಇಪ್ಪತ್ತೇಳಕ್ಕೆ ಬಿಡುತ್ತಾರೆ, ನೇರ ಮನೆಗೇ ಬರುತ್ತೇನೆ ಎಂದು ಬರೆದಿದ್ದೀಯ. ಆ ಸಾಲನ್ನು ಮತ್ತೆ ಮತ್ತೆ ಓದಿದೆ.

ಗುರುವಾರ ಹೊಸ ವೈನಿಗೆ ನಾಮಕರಣವಾಯಿತು. ನಿನ್ನ ಬದಲು ನಿನ್ನಪ್ಪನೇ ಹೂಜಿ ಹಿಡಿದು ಚರ್ಚಿಗೆ ಹೋದರು. ಪಾದ್ರಿ ನೀರು ಚಿಮುಕಿಸುವವರೆಗೆ ಯಾರೂ ಲೋಟಕ್ಕೆ ಲೋಟ ತಾಗಿಸಲಿಲ್ಲ. ಆಮೇಲೆ ಎಲ್ಲರೂ ನಮ್ಮಲ್ಲಿಗೇ ಊಟಕ್ಕೆ ಬಂದರು. ಹೆಬ್ಬಾತು, ಕೆಂಪು ಎಲೆಕೋಸು, ಆಲೂಗಡ್ಡೆ ಕಡುಬು. ಬಾತಿನ ಜಿಡ್ಡಿಗೆ ಜರ್ಮನಿಯ ಮೋಸೆಲ್ ಕಡೆಯ ಹಳೆಯ ರೀಸ್ಲಿಂಗ್ ವೈನ್ ಸರಿ, ಅದರ ಹುಳಿಸಿಹಿ ಬಾಯಿ ತೊಳೆದಂತಾಗುತ್ತದೆ ಎಂದು ನೀನು ಹೇಳುತ್ತಿದ್ದೆಯಲ್ಲ, ಅದನ್ನೇ ತೆಗೆದೆ. ನಿನ್ನಪ್ಪನಿಗೆ ಸಿಟ್ಟು.

"ಬಾತು ನಮ್ದು, ಕಡುಬು ನಮ್ದು. ವೈನ್ ಮಾತ್ರ ಜರ್ಮನ್ನರದ್ದಾ? ನಮ್ಮ ವೆಲ್ಟ್‌ಲೀನರ್‌ಗೆ ಏನ್ ರೋಗ ಬಂದಿದೆ?"

"ಅದು ಕರಿದ ಮೀನಿಗೆ ಸರಿ ಅಪ್ಪಾ."

"ಎಲ್ಲದಕ್ಕೂ ಸರಿ. ಜ್ವರಕ್ಕೂ ಸರಿ."

ಪಕ್ಕದ ಮನೆ ಹಿಲ್ಟ್ರುಡ್ ನಿನ್ನನ್ನು ಕೇಳಿದಳು. ಸೊಂಟನೋವಿನ ಚಿಕಿತ್ಸೆಗೆ ಹೋಗಿದ್ದಾನೆ ಎಂದರು ಅಪ್ಪ. "ಸುಗ್ಗಿಗೂ ಇರ್ಲಿಲ್ಲ, ಈಗ್ಲೂ ಇಲ್ಲ. ಏನು, ಹೊಸ ಸೊಂಟ ಮಾಡಿಸ್ಕೊಂಡು ಬರ್ತಾನಾ?" ಎಂದಳು. ಎಲ್ಲರೂ ನಕ್ಕರು. ಅವರಿಗೆಲ್ಲ ಗೊತ್ತಿದೆ ಎಂದು ನನಗನ್ನಿಸುತ್ತದೆ. ಗೊತ್ತಿದ್ದೂ ನಂಬುವುದಿಲ್ಲ. ಒಂದೊಂದು ಮೇಜಿಗೂ ಹೋಗಿ, ಒಂದೊಂದು ತಟ್ಟೆಗೂ ಒಂದೊಂದು ವೈನ್ ಹೇಳಿ, ಅತಿಥಿಯ ಜೊತೆ ತಾನೂ ಒಂದು ಲೋಟ ಎತ್ತುವವನನ್ನು ಈ ಊರು ಕುಡುಕ ಎನ್ನುವುದಿಲ್ಲ, ಒಳ್ಳೆಯ ಯಜಮಾನ ಎನ್ನುತ್ತದೆ. ನಾನೂ ಹಾಗೆ ಅನ್ನುತ್ತಿದ್ದೆನೇ? ಯೋಚಿಸುತ್ತಿದ್ದೇನೆ.

ಇವತ್ತು ಬೆಳಗ್ಗೆ ಅಪ್ಪ ನಿನ್ನನ್ನು ನೋಡಲು ಹೊರಟಾಗ ಬುಟ್ಟಿಗೆ ಬಾತಿನ ಕಾಲು ಇಡಲು ಹೋದೆ. ಬಟ್ಟೆಯ ಕೆಳಗೆ ಒಂದು ಬಾಟಲಿ ಇತ್ತು.

"ಇದೇನಪ್ಪಾ?"

"ನಾಮಕರಣ ಆದ ವೈನ್ ಕಣಮ್ಮ. ಅವನೇ ಬೆಳೆಸಿದ ದ್ರಾಕ್ಷಿ. ಒಂದ್ ಗುಟುಕು ರುಚಿ ನೋಡ್ಬೇಡ್ವಾ?"

"ಅವನು ಕುಡಿಯೋ ಹಾಗಿಲ್ಲ."

"ಕುಡೀಲಿ ಅಂದ್ನಾ ನಾನು? ಊಟದ ಜೊತೆ ಅಂದೆ. ಬರೀ ಬಾತು ತಿನ್ನೋಕೆ ಅವನೇನು ನರಿಯಾ?"

ನನಗೆ ನಗು ಬಂತು. ಆದರೂ ಬಾಟಲಿ ಎತ್ತಿಟ್ಟೆ. ಅವರು ಟೋಪಿ ಕೈಯಲ್ಲಿ ಹಿಡಿದು ಕುರ್ಚಿಯಲ್ಲಿ ಕೂತುಬಿಟ್ಟರು. "ಹಾಗಾದ್ರೆ ಮನೆಗೆ ಬಂದ ದಿನ ಏನ್ ಕೊಡ್ತೀಯ ಅವನಿಗೆ?" ಎಂದರು. ಸೇಬಿನ ರಸ ಎಂದೆ. ಟ್ರ್ಯಾಕ್ಟರಿನ ಡೀಸೆಲ್ ಕೊಡುತ್ತೇನೆ ಎಂದವಳನ್ನು ನೋಡುವಂತೆ ನೋಡಿದರು. ನೀನು ಬರುವ ದಿನಕ್ಕೆಂದು ಒಳ್ಳೆಯ ಬಾಟಲಿಗಳನ್ನು ಬೇರೆ ತೆಗೆದಿಟ್ಟಿದ್ದಾರಂತೆ. ಅವರ ಮೇಲೆ ಕೋಪ ಮಾಡಿಕೊಳ್ಳಲೂ ನನ್ನಲ್ಲಿ ಶಕ್ತಿಯಿಲ್ಲ. ಮಗನ ಮೇಲಿನ ಪ್ರೀತಿಯನ್ನು ಬೇರೆ ಯಾವ ಪಾತ್ರೆಯಲ್ಲಿ ಕೊಡಬೇಕೆಂದು ಅವರಿಗೆ ಯಾರೂ ಕಲಿಸಿಲ್ಲ.

ಬಾತಿನ ಕಾಲು ನಿನಗೆ ತಲುಪಿರಬೇಕು. ಬಿಸಿ ಮಾಡಿಸಿಕೊಂಡು ತಿನ್ನು. ಬೆಳಗಿನ ನಡಿಗೆ ತಪ್ಪಿಸಬೇಡ, ಕುತ್ತಿಗೆಗೆ ಬಟ್ಟೆ ಸುತ್ತಿಕೊ. ದೇವರು ನಿನ್ನನ್ನು ಕಾಯಲಿ.

ನಿನ್ನ
ರೋಸ್ವಿತಾ

ಮ.ಮಾ.: ಇಪ್ಪತ್ತೇಳಕ್ಕೆ ಮನೆಗೆ ಬರಬೇಡ ಹೈಮೊ. ಲಿಂಟ್ಸ್‌ನಲ್ಲಿ ನಿನ್ನ ಅಕ್ಕ ಗಿಸೆಲಾ ಒಂದು ಕೋಣೆ ಖಾಲಿ ಮಾಡಿಟ್ಟಿದ್ದಾಳೆ. ನಾನೇ ಕೇಳಿಕೊಂಡೆ. ಅಪ್ಪನ ಬಾಟಲಿಗಳಿಗೆ ಹೆದರಿ ಹೀಗೆ ಬರೆಯುತ್ತಿದ್ದೇನೆ ಅಂದರೆ ಪೂರ್ತಿ ನಿಜವಾಗುವುದಿಲ್ಲ. ನೀನು ಹೋದಂದಿನಿಂದ ಮೆಟ್ಟಿಲ ಮೇಲೆ ನಿನ್ನ ಹೆಜ್ಜೆ ಇವತ್ತು ಹೇಗೆ ಬೀಳುತ್ತದೋ ಎಂದು ಕಿವಿಗೊಡದೆ ಮಲಗುತ್ತಿದ್ದೇನೆ. ಮೊದಮೊದಲು ದಣಿವಿಗೆ ಬಂದ ನಿದ್ದೆ ಅಂದುಕೊಂಡೆ. ದಣಿವು ಹಾಗೇ ಇದೆ. ನೀನಿಲ್ಲದ ಮನೆಯಲ್ಲಿ ನನಗೆ ಭಯವಿಲ್ಲ, ಅಷ್ಟೇ. ಅದನ್ನು ಬಿಟ್ಟುಕೊಡಲು ನಾನಿನ್ನೂ ತಯಾರಿಲ್ಲ. ಯಾವಾಗ ಆಗುತ್ತೇನೋ, ಆಗುತ್ತೇನೋ ಇಲ್ಲವೋ, ಗೊತ್ತಿಲ್ಲ. ಇದನ್ನು ಓದುವಾಗ ನೀನು ಒಬ್ಬನೇ ಇರಬಾರದು. ನಿನ್ನ ವೈದ್ಯೆ ಶುಕ್ರವಾರ ಇಡೀ ದಿನ ಇರುತ್ತಾರೆ ಎಂದು ನೀನೇ ಬರೆದಿದ್ದೆ. ಅವತ್ತೇ ನಿನ್ನ ಕೈಸೇರುವಂತೆ ಬುಧವಾರ, ನವೆಂಬರ್ 17ರಂದು ಅಂಚೆಗೆ ಹಾಕುತ್ತೇನೆ.