ನನ್ನ ಹಿಂದೆಯೇ ಬಂದ ಕೆಂಪು ಅಂಗಿಯವನು

ಭಾವಾ,

ನಿಮ್ಮ ಸೈಕಲ್ ಕ್ಷೇಮ, ಮಂಡಿ ತರಚಿದ್ದು ಬಿಟ್ಟರೆ ನಾನೂ ಕ್ಷೇಮ. ಗುಡ್ಡದ ಸವಾರಿಗೆ ನಲವತ್ತು ಜನ ಹೊರಟೆವು. ಅವರಲ್ಲಿ ಕೆಂಪು ಅಂಗಿಯವನೊಬ್ಬ ಬೆಳಗಿನಿಂದ ನನ್ನ ಬೆನ್ನು ಬಿಡಲಿಲ್ಲ. ನಾನು ನಿಂತರೆ ನಿಲ್ಲುತ್ತಾನೆ, ನಾನು ತಿರುಗಿದರೆ ಮರ ನೋಡುತ್ತಾನೆ. ಟೈರು ಪಂಕ್ಚರ್ ಆದಾಗ ಕೇಳುವ ಮೊದಲೇ ಪಂಪು ಹಿಡಿದು ನಿಂತಿದ್ದ. ಸೈಕಲ್ ಕದಿಯಲು ಹೊಂಚು ಹಾಕಿದ್ದಾನೆಂದು ಅದನ್ನು ಅಪ್ಪಿಕೊಂಡೇ ಬಿಸ್ಕತ್ತು ತಿಂದೆ. ಕೊನೆಗೆ ತಡೆಯಲಾರದೆ ಕೇಳಿಯೇ ಬಿಟ್ಟೆ.

"ಎಲ್ಲರಿಗಿಂತ ಹಿಂದೆ ಉಳಿಯೋರ ಜೊತೆ ಬರೋದೇ ನನ್ನ ಕೆಲಸ ಸಾರ್," ಎಂದ.

ಸರಿ. ಆದರೆ ನಾವು ಹೊರಡುವ ಮೊದಲೇ ಅವನು ಬಂದು ನನ್ನೊಬ್ಬನ ಕೈ ಮಾತ್ರ ಕುಲುಕಿದ್ದ! ಈ ಸವಾರಿಗೆ ನನ್ನ ಫಾರಂ ತುಂಬಿ ಕಳಿಸಿದವರು ನೀವು. ಅದರಲ್ಲಿ ಏನು ಬರೆದಿದ್ದಿರಿ? ಅಕ್ಕನ ಮುಂದೆ ನಿಜ ಹೇಳಿ.

ನಿಮ್ಮ ಭಾಮೈದ