ತಾನಾಗಿ ಹೋದ ಬಾವುಟ

ಅಣ್ಣ,

ಓದಿ ನಗುತ್ತೀಯೇನೋ ಎಂಬ ಅಳುಕಿನಲ್ಲೇ ಬರೆಯುತ್ತಿದ್ದೇನೆ. ಹಾಲು ಕಾಯಿಸಿಟ್ಟಿದ್ದೇನೆ. ತಲೆಸುತ್ತಿನ ಮಾತ್ರೆ ತಿಂಡಿಯಾದ ಮೇಲೆ, ಮುಂಚೆ ಅಲ್ಲ.

ನೆಲಕ್ಕೆ ಅಂಟಿದ ಹಾಗಿರುವ ಸೀಟಿನಲ್ಲಿ ಒರಗಿ ಕೂತು ತುಳಿಯುವ ಆ ಮೂರು ಗಾಲಿ ಸೈಕಲ್ಲು ಬೇಕೋ ಬೇಡವೋ ಎಂದು ಕೇಳಲು, ಅದನ್ನು ಓಡಿಸಿ ನೋಡಿ ಎಂದು ಬಿಟ್ಟುಹೋದ ಅಂಗಡಿಯವನು ಮಧ್ಯಾಹ್ನ ಬರುತ್ತಾನೆ. ನಿನ್ನೆ ಸಂಜೆ ನಿನಗೆ ಹೇಳದೆ ಅದನ್ನು ಬೀದಿಗೆ ಒಯ್ದಿದ್ದೆ. ಸೈಕಲ್ಲೇನೋ ಗಟ್ಟಿ. ತಿರುವಿನಲ್ಲಿ ವಾಲಲಿಲ್ಲ, ಬ್ರೇಕೂ ಹಿಡಿಯಿತು. ನಿನಗೆ ತಲೆ ತಿರುಗಿದರೂ ಬೀಳುವ ಮಾತಿಲ್ಲ.

ಔಷಧಿ ಅಂಗಡಿಯ ಮುಂದೆ, ನಿಂತ ಕಾರುಗಳ ಆಚೆ ಅಮ್ಮ ಬರುತ್ತಿದ್ದಳು. "ಅಮ್ಮಾ" ಎಂದೆ. ನನ್ನ ಕಡೆಗೇ ತಿರುಗಿದಳು, ನನ್ನ ತಲೆಯ ಮೇಲಿಂದ ಕಣ್ಣು ಹಾಯಿಸಿದಳು, ಸರಸರ ನಡೆದುಬಿಟ್ಟಳು. ಮನೆಯಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದ್ದು: "ನಿನ್ನ ದನೀಲೇ ಯಾರೋ ಕರೆದ್ರು ಕಣೇ. ತಿರುಗಿದ್ರೆ ಯಾರೂ ಇಲ್ಲ. ಹಳದಿ ಬಾವುಟ ಒಂದು ತಾನಾಗೇ ಹೋಗ್ತಿತ್ತು."

ಎಲ್ಲರಿಗೂ ಕಾಣಲಿ ಎಂದೇ ಅಂಗಡಿಯವನು ಸೀಟಿನ ಹಿಂದೆ ಕೋಲಿಗೆ ಕಟ್ಟಿದ ಬಾವುಟ ಅದು. ಆಮೇಲೂ ಅವಳು ಬಂದು ಬಂದು ನನ್ನ ಮುಖ ಮುಟ್ಟಿ ಹೋದಳು. ಕರೆದದ್ದು ನಾನೇ ಎಂದು ಅವಳಿಗೆ ಇನ್ನೂ ಹೇಳಿಲ್ಲ. ಒಂದು ಗಳಿಗೆ ನಾನೂ ನನ್ನ ಕೈಗಳನ್ನು ನೋಡಿಕೊಂಡೆ.

ಕಾಯಿಲೆ ಬಂದ ಮೇಲೆ ನೀನು ಬಾಯ್ತುಂಬ ನಕ್ಕದ್ದು ಆ ಸೀಟಿನಲ್ಲಿ ಕೂತಾಗ ಮಾತ್ರ. ಅದಕ್ಕೇ ಇಷ್ಟು ತಡವರಿಸಿದೆ. ಈಗ ತಾನೇ ನಿನ್ನ ಮಂಚದ ಪಕ್ಕ ನಿಂತು ಬಾಯಿಬಿಟ್ಟು ಹೇಳಿದೆ. ನೀನು "ಹೂಂ" ಎಂದದ್ದು ಎಚ್ಚರದಲ್ಲೋ ನಿದ್ದೆಯಲ್ಲೋ ತಿಳಿಯದೆ, ಹೇಳಿದ್ದನ್ನೇ ಬರೆದೂ ಇಡುತ್ತೇನೆ:

"ಬೇಡ ಕಣೋ ಅಣ್ಣ. ಹೆತ್ತವಳಿಗೇ ನಾನು ಕಾಣಲಿಲ್ಲ. ಲಾರಿಯವನಿಗೆ ನೀನು ಕಾಣಲ್ಲ."